ಗಾಳಿ ಗನ್ನಿನೊಳಗಿನ ಕೆಂಪು ಪುಡಿ

ಬೀದರ
೧೨ ನವೆಂಬರ್ ೨೦೨೫

ದತ್ತು,

ಹದಿನೆಂಟು ಸಾವಿರದ ನೂರಾ ಇಪ್ಪತ್ತು ರೂಪಾಯಿ. ಮೊದಲ ಇದನ್ನ ಓದು, ಆಮ್ಯಾಲ ನೀರು ಕುಡಿ.

ಕಂಪ್ರೆಸರ್ ಹನ್ನೊಂದು ಸಾವಿರದ ಎರಡನೂರು. ನಟ್ಟು ಬಿಚ್ಚೋ ಗಾಳಿ ಗನ್ನು, ಸಂಗಟ ಹತ್ತು ಸಾಕೆಟ್ಟಿನ ಡಬ್ಬಿ, ಮೂರು ಸಾವಿರದ ನಾಲ್ಕನೂರಾ ಐವತ್ತು. ಪೈಪು ಎಂಟನೂರಾ ಅರವತ್ತು. ಬಣ್ಣ ಹೊಡಿಯೋ ಸಾಮಾನು, ಧೂಳು ಊದೋ ಸಾಮಾನು ಎರಡೂ ಕೂಡಿ ಹನ್ನೊಂದನೂರಾ ಐವತ್ತು. ಟೆಂಪೋ ನಾಲ್ಕನೂರು. ಮೊದಲ ದಿನ ಕಂಪ್ರೆಸರ್ ಚಾಲೂ ಮಾಡಿದ ಕೂಡಲೆ ಫ್ಯೂಸು ಹೋತಲ್ಲ, ಬ್ಯಾರೆ ವಾಯರು ಎಳಸಾಕ ಏಳನೂರು. ಎಣ್ಣಿ ನೂರಾ ಇಪ್ಪತ್ತು. ದುಕಾನಿಗಿ ಹೋಗಿ ಬಂದ ಆಟೋ ಎರಡನೂರಾ ನಲವತ್ತು. ಖರ್ಚಿನ್ಯಾಗ ಅರ್ಧ ನಂದು, ಅರ್ಧ ನಿಂದು. ಸಿಟ್ಟು ಮಾತ್ರ ಪೂರಾ ನಂದು.

ನಾಕು ದಿನದಾಗ ಹದಿನಾರು ಸಲ ಫೋನ್ ಹಚ್ಚೀನಿ, ಎತ್ತವಲ್ಲಿ. ಅದಕ್ಕ ಈ ಕಾಗದ. ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈಲಾಶನ ಕೈಯಾಗ ಕೊಟ್ಟೀನಿ. ಗನ್ನು ಒಯ್ಯೋದು ತರೋದು ಅವನೇ ಮಾಡ್ತಿದ್ದ, ಈಗ ಜಗಳನೂ ಅವನೇ ಒಯ್ಲಿ.

ನಾವು ಮಾತಾಡಿದ್ದು ಏನು? ನಿನ್ನ ಮಗಳು ಮಹಾಮಾಯಾ ದನದ ಡಾಕ್ಟರ್ ಆಗಿ ಔರಾದ ತಾಲೂಕಿನ ಹಳ್ಳಿ ಹಳ್ಳಿ ಸ್ಕೂಟಿ ಮ್ಯಾಲ ತಿರುಗತಾಳ, ಆಕಿಗಿ ಒಂದು ಜೀಪು ಮಾಡಿ ಕೊಡೋಣು ಅಂತ. ನನ್ನ ಹಳೇ ಜೀಪಿನ ಬಾಡಿ ನನ್ನ ಮನಿ ಶೆಡ್ಡಿನ್ಯಾಗ ನಾನು ಮಾಡೋದು. ಎಂಜಿನ್ನು ನೀ ಭಾಲ್ಕಿಗಿ ಒಯ್ದು ನಿನ್ನ ಅಂಗಳದಾಗ ಬಿಚ್ಚಿ ಮಾಡೋದು. ಡೆಪೋದಾಗ ಮೂವತ್ತೊಂದು ವರ್ಷ ಬಸ್ಸು ರಿಪೇರಿ ಮಾಡಿದವ ನೀ, ನಾನು ಸ್ಪೇರ್ ಪಾರ್ಟಿನ ದುಕಾನ ಇಟ್ಟು ಮ್ಯಾಲ ಬಂದವ. ಸಾಮಾನು ಸಸ್ತಾ ಆದ್ರೂ ನಡಿತದ ಅಂದೆ. ನೀನೂ ಹೂಂ ಅಂದಿ. ನಿನ್ನ ಹಂತ್ಯಾಕ ಹಳೇ ಕಂಪ್ರೆಸರ್ ಅದ, ಗನ್ನು ಮಾತ್ರ ಒಂದೇ, ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ.

ನನ್ನ ಕೈಯಾಗ ಇದ್ದಾಗ ಗನ್ನು ಹುಲಿ ಇತ್ತು. ಹದಿನಾಲ್ಕು ವರ್ಷ ಜಂಗು ಹಿಡಿದ ಚಕ್ರದ ನಟ್ಟು, ಎರಡು ಸಲ ಗರ್ರ್ ಅಂದ್ರ ಕೈಯಾಗ ಬರ್ತಿತ್ತು. ದಸರಾ ಆದ ಮ್ಯಾಲ ನಿನ್ನ ಹಂತ್ಯಾಕ ಕಳಿಸಿದೆ. ದೀಪಾವಳಿ ಆದ ಮ್ಯಾಲ ಹೆಣ ಆಗಿ ಬಂತು. ಶನಿವಾರ ದುಕಾನದವನ ಮುಂದ ಇಟ್ಟೆ. ಅವ ಹಿಂದಿನ ಮುಚ್ಚಳ ಬಿಚ್ಚಿದ್ರ ಒಳಗಿಂದ ಕೆಂಪು ಪುಡಿ, ಎಣ್ಣ್ಯಾಗ ಕಲಸಿದ್ದು. "ಕಾಕಾ, ಇದು ಗನ್ ಅದನೋ ದೇವರ ಜಗಲಿ ಅದನೋ? ಇದು ಕುಂಕುಮ. ಗ್ಯಾರಂಟಿ ಹೋತು" ಅಂತ ಹಲ್ಲು ಕಿಸದ. ಅಲ್ಲಿದ್ದವರೆಲ್ಲ ನಕ್ಕರು.

ದೀಪಾವಳಿ ಪೂಜಾದಾಗ ನಿನ್ನ ಮನಿಯಾಕಿ ಜಿಜಾಬಾಯಿ ಗನ್ನಿಗಿ ಕುಂಕುಮ ಏರಿಸಿದ್ರ, ಅದು ಭಕ್ತಿ, ನಾನು ಏನೂ ಅನ್ನಂಗಿಲ್ಲ. ಆದ್ರ ಗಾಳಿ ಹೋಗೋ ಬಾಯಾಗ ಹಾಕಬೇಕೇನು? ನೀನು ಡೆಪೋದ ಮಿಸ್ತ್ರಿ, ಹೇಳಬಾರದೇನು?

ಉತ್ತರ ಬರಿ. ಇಲ್ಲಂದ್ರ ಫೋನರ ಎತ್ತು.

ನಿನ್ನ,
ಗುರುನಾಥ


ಭಾಲ್ಕಿ
೨೦ ನವೆಂಬರ್ ೨೦೨೫

ಶ್ರೀ ಗುರುನಾಥ ಅವರಿಗೆ,

ಜೈಭೀಮ. ಮೂವತ್ತೆರಡು ವರ್ಷದ ದೋಸ್ತಿಯಾಗ ನಿಮಗ ಹಿಂಗ ಹೇಳೋ ಜರೂರಿ ಬಿದ್ದಿದ್ದಿಲ್ಲ. ಈಗ ನೆನಪು ಮಾಡಿ ಕೊಡೋದು ಬಂತು.

ನಿಮ್ಮ ಕಾಗದ ನಮ್ಮ ಮನಿಯವರ ಮುಂದ ಓದಿದೆ. ಜಿಜಾಬಾಯಿ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ನಮ್ಮ ಮನ್ಯಾಗ ಕುಂಕುಮದ ಭರಣಿ ಎಲ್ಲದ ಅಂತ ಅಣ್ಣಾವರಿಗೇ ಕೇಳ್ರಿ, ನಂಗಂತೂ ಸಿಕ್ಕಿಲ್ಲ" ಅಂದಳು.

ಗುರುನಾಥ ಅವರೆ, ನಮ್ಮ ಅಪ್ಪನ ಕಾಲಕ್ಕೇ ದೇವರ ಜಗಲಿ ಕಿತ್ತು ಆ ಜಾಗಾದಾಗ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ ಇಟ್ಟೇವ್ರಿ. ನೀವು ಊಟಕ್ಕ ಕೂಡೋ ಮಣಿ ಅದರ ಎದುರಿಗೇ ಅದ. ದಸರಾ ದಿನ ನಾವು ಬಿಳಿ ಬಟ್ಟಿ ಉಟ್ಟು ವಿಹಾರಕ್ಕ ಹೋಗಿ ಬಂದಿರ್ತೇವಿ, ನೀವು ಬನ್ನಿ ಎಲಿ ಹಿಡಕೊಂಡು ಬರ್ತೀರಿ. ದೋಸ್ತ ತಂದಾನ ಅಂತ ನಾನು ತಗೋತೇನಿ. ಮೂವತ್ತೆರಡು ದಸರಾ. ಇಷ್ಟು ಸಲ ಬಂದು ಗ್ವಾಡಿ ನೋಡಿಲ್ಲಂದ್ರ ನೀವು ನಮ್ಮ ಮನ್ಯಾಗ ನೋಡಿದ್ದರ ಏನು?

ಫೋನ್ ಯಾಕ ಎತ್ತವಲ್ಲೆ, ಅದನ್ನೂ ಹೇಳ್ತೇನ್ರಿ. ಕಾಗದದಾಗ ನೀವು ಪೂರಾ ಬರದಿಲ್ಲ. ದುಕಾನದಾಗ ಮಂದಿ ನಕ್ಕಾಗ ನೀವು ಏನಂದ್ರಿ? "ನನ್ನ ಮನ್ಯಾಗ ಆಗಿದ್ದಲ್ಲ, ಭಾಲ್ಕಿ ದತ್ತಾತ್ರಿ ಮನ್ಯಾಗ ಆಗ್ಯದ. ಅವರಿಗಿ ಮಶೀನಿನ ಖದರ್, ಕಿಮ್ಮತ್ತು ಗೊತ್ತಿಲ್ಲ." ವಾಯರಿಂಗ್ ಮಾಡೋ ಅಬ್ದುಲ ವಾಹೀದ ಅಲ್ಲೇ ನಿಂತಿದ್ದ. ಚಾಡಿ ಹೇಳಾಕ ಬರಲಿಲ್ಲ. ಅವ ನನ್ನ ಕೂಡ ಡೆಪೋದಾಗ ಇದ್ದವ, ಕೇಳಿ ತಡಿಯಲಾರದ ಬಂದು ಹೇಳ್ದ.

'ಅವರು' ಅಂದ್ರ ಯಾರು? ಮೂವತ್ತೊಂದು ವರ್ಷದಾಗ ನಾನು ಮಾಡಿದ ಒಂದು ಬಸ್ಸು ಘಾಟಿನ್ಯಾಗ ನಿಂತಿಲ್ಲ. ಖದರ್ ಗೊತ್ತಿಲ್ಲಂತ.

ಗನ್ನು ಬಂದ ಮೊದಲ ದಿನವೇ ಫೋನ್ ಮಾಡಿ ಹೇಳೀನಿ, ಇದು ಎಳಿಯವಲ್ದು ಅಂತ. "ನಿನ್ನ ಕಂಪ್ರೆಸರ್ ಮುದುಕ ಆಗ್ಯದ" ಅಂದ್ರಿ. ದುಕಾನದವ ಹಿಂದಿನ ಮುಚ್ಚಳ ಅಷ್ಟೇ ಬಿಚ್ಚ್ಯಾನ. ಗ್ಯಾರಂಟಿ ಅದ ಅಂತ ನಾನು ಬಿಚ್ಚಲಿಲ್ಲ, ನೀವು ಹಿಡಿಕಿ ಬಿಚ್ಚಿ ನೋಡ್ರಿ. ಪುಡಿ ಯಾವ ಬಾಯಿಂದ ಹೋಗ್ಯದ, ಅದರ ಹಿಂದ ಏನದ, ತಿಳಿತದ.

ಮಾಫಿ ಕೇಳಂಗಿದ್ರ ನಂಗ ಮನ್ಯಾಗ ಕೇಳಬ್ಯಾಡ್ರಿ. ಎಲ್ಲಿ ಅಂದ್ರಿ, ಅಲ್ಲೇ ಅನ್ರಿ.

ದತ್ತಾತ್ರಿ


ಬೀದರ
೨೯ ನವೆಂಬರ್ ೨೦೨೫

ದತ್ತು,

'ರಿ' ಹಚ್ಚಿ ಬರದಿ. ಕರೆಂಟಿನ ಆಫೀಸಿನಿಂದ ನೋಟೀಸು ಬಂದಂಗ ಆತು.

ನಾನು ಅಂದದ್ದು ಸಿಟ್ಟಿನ್ಯಾಗ. ಮೂರೂವರಿ ಸಾವಿರ ಹೋದವ ಸಿಟ್ಟು ಮಾಡಲಾರದ ಆರತಿ ಎತ್ತತಾನೇನು? ನಿಮ್ಮ ಮನ್ಯಾಗ ಕುಂಕುಮ ಇಲ್ಲ, ಒಪ್ಪಿದೆ, ನನ್ನ ಲಕ್ಷ್ಯಕ್ಕ ಬರಲಿಲ್ಲ. ಆದ್ರ ನಿನ್ನ ಬಾಜೂ ಮನಿ ಮಡೆಪ್ಪಗ ಟ್ರ್ಯಾಕ್ಟರ್ ಅದ. ದೀಪಾವಳಿಗಿ ಅವ ಟ್ರ್ಯಾಕ್ಟರ್ ಪೂಜಾ ಮಾಡ್ತಾನ. ನೀ ಕೇಳಿದವರಿಗಿ ಇಲ್ಲ ಅನ್ನಂಗಿಲ್ಲ. ಗನ್ನು ಅವಗ ಕೊಟ್ಟಿರಬೇಕು, ಅವನ ಹೇಣ್ತಿ ಏರಿಸಿರಬೇಕು. ಇದು ಸೀದಾ ಹಿಸಾಬು. ಪುಡಿ ಆಕಾಶದಿಂದ ಬೀಳಂಗಿಲ್ಲ.

ವಾಹೀದಗ ನಾನು ಏಳನೂರು ಕೊಟ್ಟಿದ್ದು ವಾಯರ್ ಎಳಿಯಾಕ. ಮಾತು ಎಳಿಯಾಕ ಅಲ್ಲ.

ಇನ್ನೊಂದು ಮಾತು. ಬಾಡಿ ನನ್ನ ಶೆಡ್ಡಿನ್ಯಾಗ ನಾಕು ಕಲ್ಲಿನ ಮ್ಯಾಲ ನಿಂತದ. ಎಂಜಿನ್ನು ನಿನ್ನ ಅಂಗಳದಾಗ ಗೋಣಿ ಹೊದ್ದು ಕೂತದ. ನಿಂಗ ಇಷ್ಟು ಸಿಟ್ಟು ಇದ್ರ ಹೇಳಿಬಿಡು. ಎಂಜಿನ್ನು ನಂದು, ತರಿಸಿಕೊಳ್ತೇನಿ. ಗುಜರಿಯವ ಹಾವಗೆಪ್ಪ ಕಿಲೋ ಲೆಕ್ಕದಾಗ ಒಯ್ತೇನಿ ಅಂತ ದಿನಾ ಕೇಳ್ತಾನ.

ಹಿಡಿಕಿ ಬಿಚ್ಚಾಕ ನಂಗೇನು ತಾಸು ಹತ್ತಂಗಿಲ್ಲ. ಬಿಚ್ಚಿ ನೋಡಿಯೇ ನಿಂಗ ಬರಿತೇನಿ, ಮಡೆಪ್ಪನ ಹೆಸರು ಹಾಕಿ.

ಗುರುನಾಥ


ಭಾಲ್ಕಿ
೧೦ ಡಿಸೆಂಬರ್ ೨೦೨೫

ಶ್ರೀ ಗುರುನಾಥ ಅವರಿಗೆ,

ಮಡೆಪ್ಪ ದೀಪಾವಳಿಗಿ ಹದಿನೈದು ದಿನ ಮೊದಲೇ ಟ್ರ್ಯಾಕ್ಟರ್ ಮಾರ್ಯಾನ. ಗನ್ನು ನನ್ನ ಹೊರ್ತು ಯಾರೂ ಮುಟ್ಟಿಲ್ಲ.

ಎಂಜಿನ್ನಿನ ಕೆಲಸ ಮುಗಿಸೀನಿ. ಗನ್ನು ಇರಲಿಲ್ಲ, ಪಾನಾ ಹಿಡಿದು ಕೈಲೇ ಮಾಡೀನಿ. ಹೆಡ್ಡಿನ ಬೋಲ್ಟು ನಾನು ಎಂದೂ ಗನ್ನಿಲೆ ಬಿಗಿದಿಲ್ಲ, ಬಿಗಿಯಂಗೂ ಇಲ್ಲ. ಟೆಂಪೋ ಕಳಿಸ್ರಿ, ಒಯ್ರಿ. ಹಾವಗೆಪ್ಪಗ ಕೊಡೋದು ಬಿಡೋದು ನಿಮ್ಮ ಖುಷಿ.

ಹೋದ ವಾರ ಡಾಬಕಾದಾಗ ಒಂದು ಎಮ್ಮಿಗಿ ಕರು ಅಡ್ಡ ಬಂದಿತ್ತು. ಮಹಾಮಾಯಾ ಸ್ಕೂಟಿ ಮ್ಯಾಲ ಹೊಂಟಳು. ರಸ್ತಾಕ್ಕ ಜಲ್ಲಿ ಹಾಕಿ ಹಂಗೇ ಬಿಟ್ಟಾರ. ಗಾಡಿ ಜಾರಿ ಮೊಣಕಾಲು ಕೆತ್ತಿ ಹೋತು, ಮುಟ್ಟಾಕ ಎರಡು ತಾಸು ತಡ ಆತು. ಎಮ್ಮಿ ಉಳಿತು, ಕರು ಉಳಿಲಿಲ್ಲ. ಮನಿಗಿ ಬಂದು ಊಟ ಮಾಡಲಿಲ್ಲ. ಜೀಪು ಯಾವಾಗ ಆಗ್ತದ ಅಂತ ಆಕಿ ಕೇಳಲಿಲ್ಲ. ಕೇಳಿದ್ರ ಛಲೋ ಇತ್ತು.

ದತ್ತಾತ್ರಿ


ಬೀದರ
೨೨ ಡಿಸೆಂಬರ್ ೨೦೨೫

ದತ್ತಾತ್ರಿ ಅಣ್ಣಾವರಿಗೆ ಲೀಲಾಬಾಯಿ ಮಾಡುವ ನಮಸ್ಕಾರಗಳು.

ನಾನು ಬರಿತಿರೋದು ಇವರಿಗಿ ಗೊತ್ತಿಲ್ರಿ. ಕೈಲಾಶಗೂ ಹೇಳಬ್ಯಾಡ ಅಂದೀನಿ. ಅವ ಹೇಳೇ ಹೇಳ್ತಾನ, ಅದು ಬ್ಯಾರೆ ಮಾತು.

ಕುಂಕುಮ ಹಾಕಿದಾಕಿ ನಾನ್ರಿ ಅಣ್ಣಾ. ದೀಪಾವಳಿಗಿ ಅಲ್ಲ, ಅದಕ್ಕಿಂತ ಮೊದಲ. ದಸರಾದ ಹಿಂದಿನ ದಿನ, ಖಂಡೆ ನವಮಿಗಿ, ಮನ್ಯಾಗಿನ ಎಲ್ಲಾ ಹತಾರ ತೊಳೆದು ಕಂಬಳಿ ಮ್ಯಾಲ ಇಟ್ಟು ಪೂಜಾ ಮಾಡ್ತೇವಲ್ರಿ, ಆವಾಗ. ಸುತ್ತಿಗಿ, ಪಾನಾ, ಕುಡಗೋಲು ಎಲ್ಲಾ ಅಂಗಾತ ಇಟ್ರ ಹೂವು ನಿಂದರ್ತದ. ಈ ಗನ್ನಿನ ಮ್ಯಾಲ ಚೆಂಡುಹೂ ಇಟ್ರ ಉರುಳಿ ಉರುಳಿ ಬೀಳ್ತಿತ್ತು. ಹಿಡಿಕಿ ಕೆಳಗ ಒಂದು ತೂತು ಕಂಡಿತು. ಹೂವಿನ ದಂಟು ಅದರಾಗ ಒತ್ತಿದೆ, ನಿಂತಿತು. ಅದರ ಮ್ಯಾಲ ಅರಿಶಿಣ, ಕುಂಕುಮ ಏರಿಸಿದೆ. ಹೊಸಾ ಸಾಮಾನು ಅಂತ ಒಂದು ಚಿಟಿಕಿ ಜಾಸ್ತಿನೇ ಏರಿಸಿದೆ. ತೂತು ಅಂದ್ರ ಉಸಿರಾಡೋ ಬಾಯಿ ಅಂತ ನಂಗೇನು ಗೊತ್ರಿ. ಇವರು ಬಾಜೂಕೇ ನಿಂತು ಗಂಟಿ ಬಾರಿಸ್ತಿದ್ರು. "ಲಗೂ ಮುಗಸು, ಹಸಿವಿ ಆಗ್ಯದ" ಅಂದ್ರು.

ಮೂರು ದಿನ ಹತಾರ ಮುಟ್ಟಲಿಲ್ಲ. ಆಮ್ಯಾಲ ಹೂವು ಕಿತ್ತು ಒಗದು, ಚಾಲೂ ಮಾಡಿ ನೋಡಲಾರದ ಸೀದಾ ಕೈಲಾಶನ ಕೈಯಾಗ ಕೊಟ್ಟು ನಿಮ್ಮ ಕಡಿ ಕಳಿಸಿದ್ರು.

ಈಗ ಹೇಳೋ ಮಾತು ನಂಗ ನಾಚಿಕಿ ತರೋದು. ತಿಂಗಳ ಒಂದನೇ ತಾರೀಖಿಗಿ ಇವರು ಹಗ್ಗದ ಬಾಜ ಮ್ಯಾಲ ಪೇಪರ್ ಹಾಸಿ ಗನ್ನಿನ ಹಿಡಿಕಿ ಬಿಚ್ಚಿದ್ರು. ನಾನು ಒಳಗ ಅಕ್ಕಿ ಆರಸ್ತಿದ್ದೆ. "ಏನ್ ಸಿಕ್ತರಿ?" ಅಂದೆ. "ಏನಿಲ್ಲ, ಜಂಗು" ಅಂದ್ರು. ಅವತ್ತಿನಿಂದ ನಿಮ್ಮ ಹೆಸರು ಎತ್ತಿ ಬೈಯೋದು ಬಂದ್ ಆತು, ನಂಗ ಆವಾಗೇ ಸಂಶಯ ಬಂತು. ನಿಮ್ಮ ಹತ್ತನೇ ತಾರೀಖಿನ ಕಾಗದ ಮಂಚದ ಕೆಳಗ ಬಿದ್ದಿತ್ತು, ಓದಿದೆ. ಮಹಾಮಾಯಾ ಬಿದ್ದದ್ದು ಓದಿ ತಡಿಯಾಕ ಆಗಲಿಲ್ಲ. ಹಿಂದಿನ ಕಾಗದ ಎಲ್ಲಿ ಅವ ಅಂತ ಇವರ ಹಿಸಾಬಿನ ವಹಿ ತೆರದೆ. ಹಾಳಿ ನಡುವ, ಗನ್ನಿನ ಖರ್ಚು ಬರದಲ್ಲೇ, ಒಣಗಿದ ಚೆಂಡುಹೂವಿನ ಎಸಳು ಇತ್ರಿ. ಎಣ್ಣಿ ಕುಡಿದು ಕಪ್ಪಾಗಿತ್ತು. ಒಗದಿಲ್ಲ, ಮುಚ್ಚಿ ಇಟ್ಟಾರ. ಒಂದು ರೂಪಾಯಿ ತಪ್ಪಿದ್ರ ನಾಕು ಸಲ ಕೂಡಿಸೋ ಮನಶ್ಯಾ, ಅದರ ಮುಂದ ಏನೂ ಬರದಿಲ್ಲ.

ಗ್ವಾಡಿ ವಿಚಾರ ಕೂಡ ಓದಿದೆ. ನಾನೂ ಆ ಮಣಿ ಮ್ಯಾಲ ಕೂತು ಉಂಡಾಕಿ. ಜಿಜಾಬಾಯಿ ವೈನಿಗಿ ಏನ್ ಹೇಳ್ಬೇಕು ತಿಳಿವಲ್ದು. ನನ್ನ ಪಾಲಿಂದು ನಾನು ಬಂದು ಹೇಳ್ತೇನಿ. ಇವರ ಪಾಲಿಂದು ಇವರೇ ಹೇಳ್ಬೇಕು.

ಎಸಳು ಚೀಟ್ಯಾಗ ಸುತ್ತಿ ಇಟ್ಟೀನಿ. ನೋಡ್ರಿ.

ನಿಮ್ಮ ತಂಗಿ,
ಲೀಲಾಬಾಯಿ


ಬೀದರ
೪ ಜನವರಿ ೨೦೨೬

ದತ್ತು,

ಎಸಳು ನಿನ್ನ ಹಂತ್ಯಾಕ ಮುಟ್ಯದ ಅಂತ ಕೈಲಾಶ ಹೇಳ್ದ. ನನ್ನ ವಹ್ಯಾಗಿನ ಸಾಮಾನು ನನ್ನ ಕೇಳಲಾರದ ಭಾಲ್ಕಿಗಿ ಹೋತು. ಈ ಮನ್ಯಾಗ ನಾನು ಯಜಮಾನ ಅಂತ ರೇಷನ್ ಕಾರ್ಡಿನ್ಯಾಗ ಅಷ್ಟೇ ಅದ.

ಸಿಕ್ಕ ದಿನ ಬರಿಬೇಕಿತ್ತು. ಒಂದು ತಿಂಗಳ ಮ್ಯಾಲ ಸುಮ್ಮನ ಕೂತೆ. ಯಾಕಂದ್ರ ಮೂವತ್ತೆರಡು ವರ್ಷದಾಗ ನಿನ್ನ ಮುಂದ ನನ್ನ ಹಿಸಾಬು ತಪ್ಪಿದ್ದಿಲ್ಲ. ಒಮ್ಮೆ ತಪ್ಪಿದ್ರ ಹ್ಯಾಂಗ ಬರಿಬೇಕು ಕಲಿತಿಲ್ಲ. ಅಷ್ಟರಾಗ ಒಂದು ಕರು ಹೋತು. ಅದನ್ನ ಯಾವ ಖಾತ್ಯಾಗ ಹಾಕಲಿ?

ನಿನ್ನಿ ಶನಿವಾರ ದುಕಾನಿಗಿ ಹೋದೆ. ಅದೇ ದುಕಾನ, ಅದೇ ಹೊತ್ತು, ಚಹಾ ಬರೋ ಹೊತ್ತು. ವಾಹೀದಗ ಫೋನ್ ಮಾಡಿ ಕರಸಿದೆ. ಒಟ್ಟು ಎಂಟು ಮಂದಿ ಇದ್ರು, ಎಣಿಸೀನಿ. ಹೇಳಿದೆ: "ಕುಂಕುಮ ಹಾಕಿದ್ದು ನನ್ನ ಮನ್ಯಾಗ, ನನ್ನ ಕಣ್ಣ ಮುಂದ, ನಾನು ಗಂಟಿ ಬಾರಿಸ್ತಿದ್ದಾಗ. ದತ್ತಾತ್ರಿ ಮನ್ಯಾಗ ಕುಂಕುಮನೇ ಇಲ್ಲ, ಅವರು ಬೌದ್ಧರು, ಅದು ನಂಗ ಗೊತ್ತಿರಬೇಕಿತ್ತು. ಮಶೀನಿನ ಖದರ್ ಗೊತ್ತಿಲ್ಲದವ ಅವನಲ್ಲ, ನಾನು. ಅವತ್ತು 'ಅವರಿಗಿ' ಅಂದೆನಲ್ಲ, ಆ ಮಾತು ಹೊಲಸು ಮಾತು. ನುಂಗತೇನಿ."

ಯಾರೂ ನಗಲಿಲ್ಲ. ದುಕಾನದವ ಅಂದ, "ಹೋಗ್ಲಿ ಬಿಡ್ರಿ ಕಾಕಾ, ಸಣ್ಣ ಮಾತು." ನನ್ನ ನೆತ್ತಿ ಕಾದು ಹೋತು. "ಸಣ್ಣ ಮಾತೇನು? ನಿನ್ನ ಗನ್ನಿನ ಬಾಯಿಗಿ ಒಂದು ಜಾಳಿಗಿ ಇಲ್ಲ. ಬ್ಯಾರೆ ಗನ್ನಿಗಿ ಎರಡು ರೂಪಾಯಿದು ಜಾಳಿಗಿ ಇರ್ತದ, ಕಸ ತಡಿತದ. ಅದನ್ನ ತಗದು ಸಸ್ತಾ ಮಾಡಿ ಮಾರ್ತಿ. ಈ ಊರಾಗ ಖಂಡೆ ನವಮಿಗಿ ಹತಾರಕ್ಕ ಕುಂಕುಮ ಏರಿಸ್ತಾರ ಅಂತ ಇಲ್ಲೇ ಹುಟ್ಟಿದ ನಿಂಗ ಗೊತ್ತಿಲ್ಲೇನು? ಮಾರುವಾಗ ಬಾಯಿ ಮುಚ್ಚಿಡ್ರಿ ಅಂತ ಒಂದು ಮಾತು ಹೇಳಿದ್ದ್ಯಾ?" ಅವ ಗ್ಯಾರಂಟಿ ಕಾಗದ ತೋರಿಸಿದ. ಆರು ತಿಂಗಳು ಅಂತ ಬಾಯಿಲೆ ಹೇಳಿದ್ದ, ಕಾಗದದಾಗ ಏನೂ ಇಲ್ಲ. ಒಂದು ಪೈಸಾ ಬಿಚ್ಚಲಿಲ್ಲ. ವಾಹೀದ ನನ್ನ ತೋಳು ಹಿಡಿದು ಹೊರಗ ತಂದ. ಚಹಾದ ರೊಕ್ಕ ಅವನೇ ಕೊಟ್ಟ. ಮಾತು ಎಳಿಯಾಕ ಅಂತ ಬರದಿದ್ದೆ, ಅದನ್ನೂ ಹೊಡದು ಹಾಕು.

ಮನಿಗಿ ಬಂದು ಗನ್ನು ಬಿಚ್ಚಿ ಒಂದು ಬಟ್ಟಲ ಡೀಸೆಲ್‌ನ್ಯಾಗ ತೊಳದೆ. ಕೆಂಪು ಕೆಂಪು ನೀರು ಬಂತು. ಒರಸಿ, ಎರಡು ಹನಿ ಎಣ್ಣಿ ಬಿಟ್ಟು, ಪೈಪು ಹಚ್ಚಿ ಗುಂಡಿ ಒತ್ತಿದ್ರ ಗರ್ರ್ ಅಂತು. ಹುಲಿ ಎದ್ದು ಕೂತಂಗ. ನಾಕು ರೂಪಾಯಿ ಡೀಸೆಲ್, ದತ್ತು. ಇದಕ್ಕ ಎರಡು ತಿಂಗಳು.

ಎಂಜಿನ್ನು ನಂದು ಅಂತ ಬರದಿದ್ದೆ. ಅದನ್ನ ಮೊದಲ ಹೊಡದು ಹಾಕು. ಟೆಂಪೋ ಕಳಿಸಂಗಿಲ್ಲ. ನಿನ್ನ ಮನಸ್ಸಿಗಿ ಬಂದಾಗ ನೀನೇ ಕಳಿಸು. ಬರಲಿಲ್ಲಂದ್ರೂ ಹಾವಗೆಪ್ಪಗ ಬಾಡಿ ಕೊಡಂಗಿಲ್ಲ.

ಗುರುನಾಥ


ಬೀದರ
೧೫ ಮಾರ್ಚ್ ೨೦೨೬

ದತ್ತು,

ನಿನ್ನಿ ಮಹಾಮಾಯಾ ಜೀಪು ಒಯ್ದಳು. ಡಾಬಕಾದ ಮಂದಿ ಫೋನ್ ಮಾಡಿದ್ರಂತ, ಗೇಟು ದಾಟುದ್ರಾಗ ಮೂರನೇ ಗೇರ್ ಹಾಕಿದಳು. ಚಕ್ರದ ನಟ್ಟು ಗನ್ನಿಲೆ ಹಾಕಿ, ಕಡೀಕ ಕೈಲೇ ಬಿಗಿದೀನಿ. ಫೆಬ್ರವರಿಯಾಗ ನಿನ್ನ ಎಂಜಿನ್ನಿನ ಮ್ಯಾಲ ಕಟ್ಟಿ ಬಂದ ಚೀಟಿಯಾಗ ಅಷ್ಟೇ ಇತ್ತಲ್ಲ: "ಗುರ್ಯಾ, ಕಡೀ ಬಿಗಿತ ಕೈಲೇ ಬಿಗಿ." ಬ್ಯಾರೆ ಒಂದು ಅಕ್ಷರ ಇಲ್ಲ. ನಾಕು ಸಲ ಓದೀನಿ.

ಲೀಲಾ ನಿಮ್ಮ ಮನಿಗಿ ಹೋಗಿ ಬಂದಾಳ. ಅಲ್ಲಿ ಏನಾತು ಅಂತ ಕೇಳಿದೆ. "ರೊಟ್ಟಿ ಬಡದು ಕೊಟ್ರು, ಉಂಡು ಬಂದೆ" ಅಂದಳು.

ಈ ಬಾಬತ್ತಿನ ಖಾತೆ ಇವತ್ತು ಬಂದ್ ಮಾಡ್ತೇನಿ. ಖರ್ಚು ನಿಂಗ ಗೊತ್ತದ. ಯಾರಿಗೇನು ಬಂತು, ಅದನ್ನ ಬರಿತೇನಿ. ತಪ್ಪಿದ್ರ ತಿದ್ದು.

ದುಕಾನದವಗ: ಗನ್ನಿನ ಮೂರು ಸಾವಿರದ ನಾಲ್ಕನೂರಾ ಐವತ್ತು, ಪೂರಾ. ಈಗ ಗಿರಾಕಿಗೋಳಿಗಿ ಬಾಯಿಗಿ ಚಿಂದಿ ಕಟ್ಟಿ ಪೂಜಾ ಮಾಡ್ರಿ ಅಂತ ಹೇಳ್ತಾನಂತ. ನನ್ನ ಅಕ್ಕಲು, ಅವಗ ಫುಕಟ್.

ಕೈಲಾಶಗ: ಆರು ಕಾಗದ, ಆರು ಚಹಾ. ಎಲ್ಲಾ ಓದ್ಯಾನ ಅಂತ ನನ್ನ ಅಂದಾಜು.

ವಾಹೀದಗ: ಏಳನೂರು, ಮತ್ತು ನನ್ನ ಕಡಿಂದ ಒಂದು ಸಲಾಮ.

ಹಾವಗೆಪ್ಪಗ: ಏನಿಲ್ಲ.

ಲೀಲಾಗ: ನನ್ನ ವಹಿ ತೆರಿಯೋ ಹಕ್ಕು.

ಮಹಾಮಾಯಾಗ: ಜೀಪು.

ನಿಂಗ: ಎಂಟು ಮಂದಿ ಮುಂದ ಮಾಫಿ. ತಡ ಆಗಿ.

ನಂಗ: ನಡಿಯೋ ಗನ್ನು, ಮತ್ತು 'ಗುರ್ಯಾ' ಅಂತ ಬರದ ಒಂದು ಚೀಟಿ. ವಹ್ಯಾಗ ಎಸಳು ಇದ್ದ ಜಾಗಾದಾಗ ಇಟ್ಟೀನಿ.

ಜಿಜಾಬಾಯಿಗಿ: ಇನ್ನೂ ಏನೂ ಇಲ್ಲ. ಆ ಸಾಲು ಖಾಲಿ ಬಿಟ್ಟೀನಿ.

ನಿನ್ನ,
ಗುರ್ಯಾ